ಪೊಲೀಸ್ ವಸ್ತುಸಂಗ್ರಹಾಲಯ

ಪೊಲೀಸ್ ವಸ್ತುಸಂಗ್ರಹಾಲಯವು ಒಂದು ಊರಿನ, ಪ್ರಾಂತ್ಯದ ಅಥವಾ ದೇಶದ ಪೊಲೀಸ್ ವ್ಯವಸ್ಥೆಯ ಇತಿಹಾಸಕ್ಕೆ ಸಂಬಂಧಿಸಿದ ಸಮವಸ್ತ್ರ, ಆಯುಧ, ಲಾಂಛನ, ಕಡತ, ಛಾಯಾಚಿತ್ರ ಹಾಗೂ ಅಪರಾಧ ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಸಂಗ್ರಹಿಸಿ ಪ್ರದರ್ಶಿಸುವ ಸಂಸ್ಥೆಯಾಗಿದೆ. ಇಂಥ ಸಂಗ್ರಹಾಲಯಗಳಲ್ಲಿ ಹಲವು ಚಿಕ್ಕವು. ಹಳೆಯ ಠಾಣೆಯೊಂದರಲ್ಲಿಯೋ, ತೆರವಾದ ಕಚೇರಿಯ ಕೆಲವು ಕೋಣೆಗಳಲ್ಲಿಯೋ ಇವು ನಡೆಯುತ್ತವೆ. ಸಂಗ್ರಹವನ್ನು ರೂಪಿಸಿದ್ದು ಬಹುತೇಕ ಪೊಲೀಸ್ ಇಲಾಖೆಯೇ ಆದ್ದರಿಂದ ಇಲಾಖೆ ತನ್ನ ಬಗ್ಗೆ ಏನನ್ನು ಹೇಳಬಯಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದೂ ಇಲ್ಲಿ ತಿಳಿದುಬರುತ್ತದೆ. ಈ ಲೇಖನವು ಇಂಥ ಸಂಗ್ರಹಾಲಯಗಳ ಹುಟ್ಟು ಮತ್ತು ಭಾರತದ ಕೆಲವು ಉದಾಹರಣೆಗಳ ಜೊತೆಗೆ, ಬೆಂಗಳೂರು ಹಾಗೂ ಹಳೆಯ ಮೈಸೂರು ಸಂಸ್ಥಾನದ ಪೊಲೀಸ್ ಇತಿಹಾಸದ ಕುರುಹುಗಳನ್ನು ವಿವರಿಸುತ್ತದೆ.

ಹುಟ್ಟು

ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ 1829ರಲ್ಲಿ ಸ್ಥಾಪನೆಯಾಯಿತು. ಬಂಧಿತರಿಂದ ವಶಪಡಿಸಿಕೊಂಡ ವಸ್ತುಗಳನ್ನು ತರಬೇತಿಗಾಗಿ ಉಳಿಸಿಕೊಳ್ಳಲು 1869ರ ಕಾಯಿದೆಯೊಂದು ಪೊಲೀಸರಿಗೆ ಅವಕಾಶ ನೀಡಿತು. ಅದರ ಫಲವಾಗಿ 1870ರ ದಶಕದಲ್ಲಿ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಒಂದು ಸಂಗ್ರಹ ಬೆಳೆಯಿತು. ಕನ್ನ ಹಾಕುವ ಉಪಕರಣಗಳನ್ನೂ ಕೊಲೆಗೆ ಬಳಸಿದ ಆಯುಧಗಳನ್ನೂ ಹೊಸ ಅಧಿಕಾರಿಗಳಿಗೆ ತೋರಿಸುವುದು ಅದರ ಉದ್ದೇಶವಾಗಿತ್ತು. ಪತ್ರಿಕೆಯವರು ಅದನ್ನು ‘ಬ್ಲ್ಯಾಕ್ ಮ್ಯೂಸಿಯಂ’ ಎಂದು ಕರೆದರು. ಅದು ಸಾರ್ವಜನಿಕರಿಗಾಗಿ ಹುಟ್ಟಿದ್ದಲ್ಲ, ಇಂದಿಗೂ ಸಾರ್ವಜನಿಕರಿಗೆ ಸಾಮಾನ್ಯವಾಗಿ ತೆರೆದಿಲ್ಲ. ಅನೇಕ ಪೊಲೀಸ್ ಸಂಗ್ರಹಾಲಯಗಳು ಮೊದಲು ಇಲಾಖೆಯ ಒಳಗಿನ ಪಾಠಶಾಲೆಗಳಾಗಿದ್ದು ಅನಂತರ ಬಾಗಿಲು ತೆರೆದವು ಎಂಬುದನ್ನು ನೆನಪಿನಲ್ಲಿಟ್ಟರೆ ಅಲ್ಲಿ ಆಯುಧಗಳಿಗೆ ಸಿಗುವ ಪ್ರಾಧಾನ್ಯದ ಕಾರಣ ತಿಳಿಯುತ್ತದೆ.

ಇದಕ್ಕೆ ಭಿನ್ನವಾದದ್ದು ಅದೇ ನಗರದ ಬೋ ಸ್ಟ್ರೀಟ್ ಪೊಲೀಸ್ ಸಂಗ್ರಹಾಲಯ. ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಮ್ಯಾಜಿಸ್ಟ್ರೇಟನಾಗಿದ್ದಾಗ 1749ರಲ್ಲಿ ಕಟ್ಟಿದ ಚಿಕ್ಕ ಪತ್ತೇದಾರರ ತಂಡದ ನೆನಪು ಈ ಬೀದಿಯೊಂದಿಗೆ ಸೇರಿಕೊಂಡಿದೆ. ಇಲ್ಲಿನ ನ್ಯಾಯಾಲಯ 2006ರಲ್ಲಿ ಮುಚ್ಚಿತು. ಕಟ್ಟಡದ ಬಹುಭಾಗ ಹೋಟೆಲಾಯಿತು. ಹಳೆಯ ಲಾಕಪ್ ಕೋಣೆಗಳಿದ್ದ ಭಾಗದಲ್ಲಿ 2021ರಲ್ಲಿ ಸಂಗ್ರಹಾಲಯ ತೆರೆಯಿತು. ಇಲ್ಲಿ ವಸ್ತುಗಳಿಗಿಂತ ಕೋಣೆಗಳೇ ಮುಖ್ಯ. ಒಂದು ಬೀದಿಯ, ಒಂದು ಠಾಣೆಯ ಚರಿತ್ರೆಯನ್ನು ಆ ಸ್ಥಳದಲ್ಲೇ ನಿಂತು ನೋಡುವ ಅವಕಾಶವೇ ಇಂಥ ಚಿಕ್ಕ ಸಂಗ್ರಹಾಲಯಗಳ ನಿಜವಾದ ಬಲ.

ಭಾರತದಲ್ಲಿ

ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ಪೊಲೀಸ್ ಸ್ಮಾರಕ ಮತ್ತು ಅದರ ಸಂಗ್ರಹಾಲಯ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದವು. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ದಾಳಿಯಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಹತ್ತು ಮಂದಿ ಮಡಿದರು. ಪ್ರತಿವರ್ಷ ಅಂದು ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ. ಚೆನ್ನೈನ ಎಗ್ಮೋರಿನಲ್ಲಿದ್ದ ಹಳೆಯ ಪೊಲೀಸ್ ಆಯುಕ್ತರ ಕಚೇರಿಯು 2021ರಲ್ಲಿ ತಮಿಳುನಾಡು ಪೊಲೀಸ್ ವಸ್ತುಸಂಗ್ರಹಾಲಯವಾಯಿತು. ಕೊಯಮತ್ತೂರಿನಲ್ಲಿಯೂ ಬ್ರಿಟಿಷರ ಕಾಲದ ಪೊಲೀಸ್ ಕ್ಲಬ್ ಕಟ್ಟಡವೊಂದು ಸಂಗ್ರಹಾಲಯವಾಗಿ ಮಾರ್ಪಟ್ಟಿದೆ. ಕೇರಳದ ಕೊಲ್ಲಂನಲ್ಲಿ ಸರ್ದಾರ್ ಪಟೇಲರ ಹೆಸರಿನ ಸಂಗ್ರಹಾಲಯವಿದೆ.

ಇವುಗಳಲ್ಲಿ ವಿಶೇಷ ಗಮನಕ್ಕೆ ಅರ್ಹವಾದದ್ದು ಕೋಲ್ಕತ್ತ ಪೊಲೀಸ್ ವಸ್ತುಸಂಗ್ರಹಾಲಯ. ಇದು ರಾಜಾ ರಾಮಮೋಹನ ರಾಯರಿಗೆ ಸೇರಿದ್ದ ಮನೆಯಲ್ಲಿದೆ. ಇಲ್ಲಿನ ಪ್ರಸಿದ್ಧ ವಸ್ತು ‘ಪುಸ್ತಕ ಬಾಂಬು’. ದಪ್ಪನೆಯ ಕಾನೂನು ಗ್ರಂಥವೊಂದರ ಹಾಳೆಗಳನ್ನು ನಡುವೆ ಕೊರೆದು, ಅದರೊಳಗೆ ಸ್ಫೋಟಕವನ್ನಿಟ್ಟು, 1908ರಲ್ಲಿ ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫರ್ಡ್‌ಗೆ ಕಳುಹಿಸಲಾಗಿತ್ತು. ಅವನು ಅದನ್ನು ಬಿಚ್ಚಿ ನೋಡಲೇ ಇಲ್ಲವಾದ್ದರಿಂದ ಬದುಕಿದ. ಅದೇ ವರ್ಷ ಅವನನ್ನು ಗುರಿಯಾಗಿಸಿ ಮುಜಫ್ಫರಪುರದಲ್ಲಿ ಎಸೆದ ಬಾಂಬಿಗೆ ಇಬ್ಬರು ಮಹಿಳೆಯರು ಬಲಿಯಾದರು, ಖುದಿರಾಮ ಬೋಸ್ ಗಲ್ಲಿಗೇರಿದರು. ಪೊಲೀಸರು ಅಪರಾಧದ ಪುರಾವೆಯೆಂದು ವಶಪಡಿಸಿಕೊಂಡಿದ್ದ ಆ ಪುಸ್ತಕ ಇಂದು ಸ್ವಾತಂತ್ರ್ಯ ಹೋರಾಟದ ಸ್ಮಾರಕವಾಗಿ ಅದೇ ಪೊಲೀಸರ ಗಾಜಿನ ಪೆಟ್ಟಿಗೆಯಲ್ಲಿದೆ. ವಸ್ತು ಬದಲಾಗಿಲ್ಲ, ಅದನ್ನು ಓದುವ ರೀತಿ ಬದಲಾಗಿದೆ. 2015ರಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಸುಭಾಷ್‌ಚಂದ್ರ ಬೋಸರ ಕುರಿತ 64 ರಹಸ್ಯ ಕಡತಗಳನ್ನು ಬಹಿರಂಗಪಡಿಸಿ ಇದೇ ಸಂಗ್ರಹಾಲಯದಲ್ಲಿ ನೋಡಲು ಇರಿಸಿತು. ಒಬ್ಬ ನಾಗರಿಕನ ಮೇಲೆ ಇರಿಸಿದ್ದ ಕಣ್ಗಾವಲಿನ ಕಡತ ಅವನ ಚರಿತ್ರೆಯ ಆಕರವಾಯಿತು.

ವಸ್ತುಗಳು ಉಳಿಯುವುದೂ ಅಳಿಯುವುದೂ

ಪ್ರಕರಣಕ್ಕೆ ಸಂಬಂಧಿಸಿ ವಶಪಡಿಸಿಕೊಂಡ ವಸ್ತುಗಳನ್ನು ಕರ್ನಾಟಕದ ಠಾಣೆಗಳಲ್ಲಿ ‘ಮುದ್ದೇಮಾಲು’ ಎನ್ನುತ್ತಾರೆ. ಪಂಚರ ಸಮಕ್ಷಮ ಮಹಜರು ಬರೆದು, ಮೊಹರು ಹಾಕಿ, ಠಾಣೆಯಲ್ಲಿ ಅಥವಾ ನ್ಯಾಯಾಲಯದಲ್ಲಿ ಇರಿಸುವ ಈ ವಸ್ತುಗಳು ಇಲಾಖೆಯ ಸ್ವತ್ತಲ್ಲ. ವಿಚಾರಣೆ ಮುಗಿದ ಬಳಿಕ ಅವುಗಳನ್ನು ಮಾಲೀಕರಿಗೆ ಹಿಂದಿರುಗಿಸಬೇಕೋ, ಹರಾಜು ಹಾಕಬೇಕೋ, ನಾಶಪಡಿಸಬೇಕೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕ್ರಮವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಆದ್ದರಿಂದ ಒಂದು ಚಾಕು ಅಥವಾ ಖೋಟಾ ನೋಟಿನ ಅಚ್ಚು ಸಂಗ್ರಹಾಲಯ ಸೇರಬೇಕಾದರೆ ಯಾರಾದರೂ ಸಕಾಲದಲ್ಲಿ ಅದರ ಮಹತ್ವವನ್ನು ಗುರುತಿಸಿ ಅನುಮತಿ ಪಡೆದಿರಬೇಕು. ಕಾಗದಪತ್ರಗಳ ಸ್ಥಿತಿಯೂ ಇದೇ. ಠಾಣೆಯ ದಿನಚರಿ, ಬೀಟ್ ಪುಸ್ತಕ ಮುಂತಾದವುಗಳಿಗೆ ನಿಗದಿತ ಉಳಿವಿನ ಅವಧಿ ಇರುತ್ತದೆ. ಅದು ಮುಗಿದ ಮೇಲೆ ಅವು ವಿಲೇವಾರಿಯಾಗುತ್ತವೆ. ಒಂದು ಬಡಾವಣೆಯ ದಿನನಿತ್ಯದ ಬದುಕನ್ನು ಠಾಣೆಯ ದಿನಚರಿಯಷ್ಟು ಹತ್ತಿರದಿಂದ ಕಂಡ ದಾಖಲೆ ಅಪರೂಪ. ಕಳೆದುಹೋದ ಹಸು, ಬಾಡಿಗೆ ಜಗಳ, ಮನೆ ಬಿಟ್ಟುಹೋದ ಹುಡುಗ ಎಲ್ಲವೂ ಅಲ್ಲಿ ಎರಡು ಸಾಲಿನಲ್ಲಿ ಬಂದು ಹೋಗುತ್ತವೆ. ಪ್ರಶಸ್ತಿ ಪದಕಗಳೂ ಕೋವಿಗಳೂ ಉಳಿದು, ಈ ಸಾಲುಗಳು ಅಳಿಯುವುದು ಈ ಕ್ಷೇತ್ರದ ದೊಡ್ಡ ನಷ್ಟ.

ಮೈಸೂರು ಸಂಸ್ಥಾನದ ಪೊಲೀಸ್ ವ್ಯವಸ್ಥೆ

ಕರ್ನಾಟಕದ ಹಳ್ಳಿಗಳಲ್ಲಿ ಕಾವಲಿನ ಹೊಣೆ ಶತಮಾನಗಳ ಕಾಲ ತಳವಾರ ಮತ್ತು ತೋಟಿಯರದಾಗಿತ್ತು. ಪಟೇಲ, ಶಾನುಭೋಗ, ನೀರುಗಂಟಿ ಮೊದಲಾದವರಂತೆ ಇವರೂ ಆಯಗಾರರ ಸಾಲಿನಲ್ಲಿ ಬರುತ್ತಿದ್ದರು. ಸಂಬಳಕ್ಕೆ ಬದಲಾಗಿ ಇನಾಮು ಜಮೀನು ಅಥವಾ ಸುಗ್ಗಿಯ ಕಾಲದ ಆಯ ಇವರಿಗೆ ದೊರೆಯುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಈ ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗಾಣಿಸಿತು. ತಳವಾರನ ಕೋಲಾಗಲಿ ಕಂದೀಲಾಗಲಿ ಯಾರೂ ಜೋಪಾನ ಮಾಡುವ ವಸ್ತುಗಳಾಗಿರಲಿಲ್ಲ.

1799ರ ನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ‘ಕಂದಾಚಾರ’ ಎಂಬ ಇಲಾಖೆಯ ಪೇದೆಗಳು ಅರ್ಧ ಸೈನಿಕರಾಗಿಯೂ ಅರ್ಧ ಪೊಲೀಸರಾಗಿಯೂ ಕೆಲಸ ಮಾಡುತ್ತಿದ್ದರು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೂ, ಮಾರ್ಕ್ ಕಬ್ಬನ್ನರ ದೀರ್ಘ ಅವಧಿಯಲ್ಲಿ, ಈ ವ್ಯವಸ್ಥೆ ಮುಂದುವರಿಯಿತು. ಬೆಂಗಳೂರಿನ ಅಠಾರಾ ಕಚೇರಿಗೆ ಆ ಹೆಸರು ಬಂದದ್ದು ಅಂದಿನ ಹದಿನೆಂಟು ಇಲಾಖೆಗಳಿಂದ. ಇಂದು ಆ ಕಟ್ಟಡದಲ್ಲಿ ಉಚ್ಚ ನ್ಯಾಯಾಲಯ ನಡೆಯುತ್ತದೆ. 1861ರ ಭಾರತೀಯ ಪೊಲೀಸ್ ಕಾಯಿದೆಯ ಮಾದರಿ ಸಂಸ್ಥಾನಕ್ಕೆ ಬಂದದ್ದು ಕಬ್ಬನ್ನರ ನಂತರದ ಕಾಲದಲ್ಲಿ. 1881ರಲ್ಲಿ ರಾಜ್ಯಾಡಳಿತ ಒಡೆಯರ ಮನೆತನಕ್ಕೆ ಮರಳಿತು. ಇನ್‌ಸ್ಪೆಕ್ಟರ್ ಜನರಲ್ ಹುದ್ದೆ 1885ರಲ್ಲಿ ಸೃಷ್ಟಿಯಾಯಿತು, 1908ರಲ್ಲಿ ಮೈಸೂರು ಪೊಲೀಸ್ ಕಾಯಿದೆ ಬಂತು.

ಇದೇ ಅವಧಿಯಲ್ಲಿ ಬೆಂಗಳೂರು ಒಂದೇ ಊರಾಗಿರಲಿಲ್ಲ ಎಂಬುದು ಮುಖ್ಯ. ಪೇಟೆ ಮತ್ತು ಅದರ ಸುತ್ತಲಿನ ಹೊಸ ಬಡಾವಣೆಗಳು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ, ದಂಡಿನ ಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಪೊಲೀಸರು, ಬೇರೆ ನ್ಯಾಯಾಲಯಗಳು. ಮಲ್ಲೇಶ್ವರದಿಂದ ಹೊರಟವನು ಕಬ್ಬನ್ ಉದ್ಯಾನವನ್ನು ದಾಟುವಷ್ಟರಲ್ಲಿ ಇನ್ನೊಂದು ಆಡಳಿತದ ಗಡಿ ಸೇರುತ್ತಿದ್ದನು. 1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿದಾಗ ಈ ಇಬ್ಬಗೆ ಮುಗಿಯಿತು.

ಏಕೀಕರಣದಿಂದ ಸಮಸ್ಯೆ ಇನ್ನಷ್ಟು ಹಿಗ್ಗಿತು. 1956ರ ನವೆಂಬರ್ 1ರ ನಂತರದ ಹೊಸ ರಾಜ್ಯದಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು ಮತ್ತು ಕೊಡಗಿನ ಐದು ಪೊಲೀಸ್ ಪರಂಪರೆಗಳು ಒಂದೆಡೆ ಸೇರಿದವು. ಅವುಗಳ ಗುರುತು ಭಾಷೆಯಲ್ಲಿ ಇನ್ನೂ ಉಳಿದಿದೆ: ಉತ್ತರ ಕರ್ನಾಟಕದ ಹಿರಿಯರಿಗೆ ಸಬ್‌ಇನ್‌ಸ್ಪೆಕ್ಟರು ‘ಫೌಜದಾರ’, ಹಳೆಯ ಮೈಸೂರಿನವರಿಗೆ ಹೆಡ್ ಕಾನ್‌ಸ್ಟೆಬಲ್ಲು ‘ದಫೇದಾರ’. 1963ರಲ್ಲಿ ರಚಿತವಾದ ಏಕರೂಪದ ಪೊಲೀಸ್ ಕಾಯಿದೆ 1965ರ ಏಪ್ರಿಲ್ 2ರಂದು ಜಾರಿಗೆ ಬಂತು. ರಾಜ್ಯದಲ್ಲಿ ಆ ದಿನವನ್ನು ಪೊಲೀಸ್ ಧ್ವಜ ದಿನವಾಗಿ ಆಚರಿಸುತ್ತಾರೆ. ಬೆಂಗಳೂರಿಗೆ ಪೊಲೀಸ್ ಆಯುಕ್ತರ ವ್ಯವಸ್ಥೆ 1963ರಲ್ಲಿ ಬಂದಿತು, ಸಿ. ಚಾಂಡಿ ಮೊದಲ ಆಯುಕ್ತರಾದರು.

ಮಲ್ಲೇಶ್ವರ ಮತ್ತು ಹಳೆಯ ಬೆಂಗಳೂರು

ಮಲ್ಲೇಶ್ವರವು ಕಾಡು ಮಲ್ಲೇಶ್ವರ ದೇವಾಲಯದಿಂದ ಹೆಸರು ಪಡೆದ ಬಡಾವಣೆ. ಶಿವಾಜಿಯ ಸಹೋದರ ಏಕೋಜಿಯ 1669ರ ಶಾಸನ ಅಲ್ಲಿದೆ. 1898ರಲ್ಲಿ ಬೆಂಗಳೂರನ್ನು ಪ್ಲೇಗು ಹೊಕ್ಕಾಗ ಪೇಟೆಯ ಇಕ್ಕಟ್ಟಿನಿಂದ ಜನರು ಹೊರಬಂದು ಇಲ್ಲಿಯೂ ಬಸವನಗುಡಿಯಲ್ಲಿಯೂ ನೆಲೆಸತೊಡಗಿದರು. ಪೇಟೆಯ ಓಣಿಗಳಲ್ಲಿ ಕಾವಲಿಗೆ ಬೇಕಾಗಿದ್ದದ್ದು ಜನರ ಪರಿಚಯ. ಗೆರೆ ಎಳೆದಂತೆ ಅಡ್ಡರಸ್ತೆ, ಮುಖ್ಯರಸ್ತೆಗಳಿರುವ ಹೊಸ ಬಡಾವಣೆಗಳಲ್ಲಿ ಎಣಿಸಬಹುದಾದ ಬೀಟ್ ಸಾಧ್ಯವಾಯಿತು. ರಾತ್ರಿ ಗಸ್ತಿನ ಸೀಟಿ ಮತ್ತು ಕೋಲಿನ ಸದ್ದು ಈ ಬಡಾವಣೆಗಳ ಹಿರಿಯ ತಲೆಮಾರಿನ ನೆನಪಿನಲ್ಲಿ ಇನ್ನೂ ಇದೆ.

2013ರ ಏಪ್ರಿಲ್ 17ರಂದು, ವಿಧಾನಸಭಾ ಚುನಾವಣೆಯ ದಿನಗಳಲ್ಲಿ, ಮಲ್ಲೇಶ್ವರದ ರಾಜಕೀಯ ಪಕ್ಷವೊಂದರ ಕಚೇರಿಯ ಸಮೀಪ ಬೈಕಿನಲ್ಲಿ ಇರಿಸಿದ್ದ ಬಾಂಬು ಸ್ಫೋಟಿಸಿತು. ಕರ್ತವ್ಯದಲ್ಲಿದ್ದ ಪೊಲೀಸರೂ ದಾರಿಹೋಕರೂ ಗಾಯಗೊಂಡರು.

ನಗರದಲ್ಲಿ ಸಾಮಾನ್ಯ ಪೊಲೀಸನೊಬ್ಬನ ಹೆಸರು ಉಳಿದಿರುವ ಸ್ಥಳವೆಂದರೆ ಪ್ರಧಾನ ಅಂಚೆ ಕಚೇರಿಯ ಬಳಿಯ ಪೊಲೀಸ್ ತಿಮ್ಮಯ್ಯ ವೃತ್ತ. ಗಿರಿಜಾ ಮೀಸೆಯಿಂದಾಗಿ ‘ಮೀಸೆ ತಿಮ್ಮಯ್ಯ’ ಎಂದೇ ಹೆಸರಾಗಿದ್ದ ಈ ಸಂಚಾರ ಪೊಲೀಸ್ ಸಿಬ್ಬಂದಿ 1990ರ ದಶಕದಲ್ಲಿ ತಾಯಿ ಮಗುವನ್ನು ವಾಹನದಿಂದ ಪಾರುಮಾಡಲು ಹೋಗಿ ಪ್ರಾಣ ಕಳೆದುಕೊಂಡರು. ಊರಿನ ವೃತ್ತಗಳಿಗೆ ಅರಸರ, ದಿವಾನರ, ಮುಖಂಡರ ಹೆಸರುಗಳೇ ಹೆಚ್ಚಾಗಿರುವಾಗ ಇದು ಅಪರೂಪದ ಗೌರವ.

ಮಲ್ಲೇಶ್ವರಕ್ಕೆ ಸಮೀಪದಲ್ಲೇ, ಶೇಷಾದ್ರಿ ರಸ್ತೆಯ ಬಳಿ, ಫ್ರೀಡಂ ಪಾರ್ಕ್ ಇದೆ. ಇದು ಪೊಲೀಸ್ ಸಂಗ್ರಹಾಲಯವಲ್ಲ. ಆದರೆ ಬಂಧನದ ಕೋಣೆಯನ್ನು ಸಾರ್ವಜನಿಕರು ನೋಡಬಹುದಾದ ಸ್ಥಳವಾದ್ದರಿಂದ ಇಲ್ಲಿ ಉಲ್ಲೇಖಿಸಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದ ಕೇಂದ್ರ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ, ಕಾವಲು ಗೋಪುರ ಮತ್ತು ಬ್ಯಾರಕ್ಕಿನ ಭಾಗಗಳನ್ನು ಉಳಿಸಿಕೊಂಡು 2008ರಲ್ಲಿ ಇದನ್ನು ಉದ್ಯಾನವಾಗಿ ತೆರೆಯಲಾಯಿತು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಬೆಂಗಳೂರಿನಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಇಲ್ಲಿ ಇರಿಸಲಾಯಿತು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ಕೂಡ 1976ರಲ್ಲಿ ಇದೇ ಜೈಲಿನಲ್ಲಿದ್ದರು. ಅವರು ಆಸ್ತಮಾ ರೋಗಿ. ಆರೋಗ್ಯ ತೀರಾ ಕೆಟ್ಟ ಬಳಿಕ ಪೆರೋಲಿನ ಮೇಲೆ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ನಿಧನರಾದರು.

ಹೇಳಲು ಕಷ್ಟವಾದ ಚರಿತ್ರೆ

ಪೊಲೀಸ್ ಸಂಗ್ರಹಾಲಯಗಳ ಕುರಿತ ಮುಖ್ಯ ಪ್ರಶ್ನೆ ಇಲ್ಲಿಯೇ ಇದೆ. ಹುತಾತ್ಮರ ಗೋಡೆಯ ಪಕ್ಕದಲ್ಲಿ ಪೊಲೀಸರ ಕೈಯಲ್ಲಿ ಸತ್ತವರಿಗೆ ಜಾಗ ಉಂಟೇ ಎಂಬುದಕ್ಕೆ ಕರ್ನಾಟಕದ ಎರಡು ಪ್ರಸಂಗಗಳನ್ನು ಒಟ್ಟಿಗೆ ನೋಡಬೇಕು.

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ದೊಡ್ಡ ಅಂತರವಿದೆ. ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ರಚನೆಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವಿನ ಒಪ್ಪಂದದಿಂದ ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶವಾಯಿತು. ಸ್ಥಳದಲ್ಲಿ ಇಂದು ಸ್ಮಾರಕವೂ ವೀರಸೌಧ ಎಂಬ ಚಿತ್ರ ಸಂಗ್ರಹವೂ ಇವೆ.

ನಾಲ್ಕು ವರ್ಷಗಳ ಬಳಿಕ, 1942ರ ಸೆಪ್ಟೆಂಬರ್‌ನಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಗ್ರಾಮಸ್ಥರಿಗೂ ಅಧಿಕಾರಿಗಳಿಗೂ ನಡೆದ ಘರ್ಷಣೆಯಲ್ಲಿ ಅಮಲ್ದಾರರು ಮತ್ತು ಪೊಲೀಸ್ ಸಬ್‌ಇನ್‌ಸ್ಪೆಕ್ಟರು ಕೊಲೆಯಾದರು. 1943ರ ಮಾರ್ಚ್‌ನಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಆ ಐವರು ಹುತಾತ್ಮರು ಎಂಬುದರಲ್ಲಿ ಇಂದು ಯಾರಿಗೂ ಸಂಶಯವಿಲ್ಲ. ಆದರೆ ಕರ್ತವ್ಯದ ಮೇಲೆ ಹೋಗಿ ಸತ್ತ ಇಬ್ಬರು ಕನ್ನಡಿಗ ಅಧಿಕಾರಿಗಳನ್ನು ಯಾವ ಗೋಡೆಯ ಮೇಲೆ ಬರೆಯಬೇಕು? ಪ್ರಾಮಾಣಿಕವಾದ ಸಂಗ್ರಹಾಲಯವು ಇವೆರಡನ್ನೂ ತೋರಿಸಬೇಕಾಗುತ್ತದೆ.

ಇನ್ನೊಂದು ಮೌನ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ಸಂಬಂಧಿಸಿದ್ದು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲರನ್ನೂ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿ, ಠಾಣೆಯಲ್ಲಿ ಹಾಜರಿ ಹಾಕಿಸಿ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗಗಳಂಥ ಕಡೆ ಬೇಲಿಯೊಳಗಿನ ವಸಾಹತುಗಳಲ್ಲಿ ಇರಿಸಲಾಗುತ್ತಿತ್ತು. 1952ರಲ್ಲಿ ಕಾಯಿದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಮಾತ್ರ ಉಳಿದಿದೆ. ಹಳೆಯ ಬೆರಳಚ್ಚು ಕಾರ್ಡುಗಳನ್ನೂ ಹಾಜರಿ ಪುಸ್ತಕಗಳನ್ನೂ ವೈಜ್ಞಾನಿಕ ತನಿಖೆಯ ಪ್ರಗತಿಯೆಂದು ಮಾತ್ರ ತೋರಿಸಿದರೆ ಆ ಕುಟುಂಬಗಳ ಕಥೆ ಅಳಿಸಿಹೋಗುತ್ತದೆ.

ಸಂದರ್ಶನ

ಪೊಲೀಸ್ ಸಂಗ್ರಹಾಲಯಗಳಲ್ಲಿ ಕೆಲವು ಇಲಾಖೆಯ ಆವರಣದೊಳಗೇ ಇರುವುದರಿಂದ ಪ್ರವೇಶದ ಸಮಯ ಮತ್ತು ಅನುಮತಿಯನ್ನು ಮೊದಲೇ ವಿಚಾರಿಸುವುದು ಒಳಿತು. ಛಾಯಾಚಿತ್ರಕ್ಕೆ ನಿರ್ಬಂಧವಿರಬಹುದು. ಚಿಕ್ಕ ಮಕ್ಕಳೊಂದಿಗೆ ಹೋಗುವವರು ಅಪರಾಧ ವಿಭಾಗದ ಚಿತ್ರಗಳ ಬಗ್ಗೆ ಎಚ್ಚರ ವಹಿಸಬೇಕು. ಕೆಲವೆಡೆ ಮಾರ್ಗದರ್ಶನ ಮಾಡುವವರು ನಿವೃತ್ತ ಸಿಬ್ಬಂದಿ. ಫಲಕಗಳಲ್ಲಿ ಬರೆಯದ ಸಂಗತಿಗಳು ಅವರಿಂದ ತಿಳಿಯುತ್ತವೆ.

ಕರ್ನಾಟಕದಲ್ಲಿ ಶಾಲಾ ಮಕ್ಕಳಿಗಾಗಿ ಠಾಣೆಗಳು ನಡೆಸುವ ‘ತೆರೆದ ಮನೆ’ ಕಾರ್ಯಕ್ರಮವು ಇದಕ್ಕೆ ಸಮೀಪದ್ದು. ಅಂದು ಮಕ್ಕಳಿಗೆ ಠಾಣೆಯ ಕೋಣೆಗಳನ್ನು ತೋರಿಸಿ, ದೂರು ಕೊಡುವ ಬಗೆ, ನಿಸ್ತಂತು ಉಪಕರಣ, ಬಂದೂಕು ಮುಂತಾದವುಗಳನ್ನು ವಿವರಿಸುತ್ತಾರೆ. ಬಂದೂಕಿನ ಸುತ್ತ ಮಕ್ಕಳು ಮುಗಿಬೀಳುವುದು ಸಹಜ. ಆದರೆ ದೂರು ಬರೆಯುವ ಮೇಜಿನ ಬಳಿ ಹೆಚ್ಚು ಹೊತ್ತು ನಿಲ್ಲಿಸುವುದು ಶಿಕ್ಷಕರ ಕೆಲಸ.

ಇತ್ತೀಚಿನ ಬದಲಾವಣೆ

ರಾಜ್ಯದ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳು ದಶಕಗಳಿಂದ ಧರಿಸುತ್ತಿದ್ದ, ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿದ ಸ್ಲೋಚ್ ಹ್ಯಾಟಿನ ಬದಲು ಕಡುನೀಲಿ ಬಣ್ಣದ ಪೀಕ್ ಕ್ಯಾಪನ್ನು ನೀಡುವ ಕಾರ್ಯಕ್ರಮಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಅಕ್ಟೋಬರ್ 28ರಂದು ವಿಧಾನಸೌಧದಲ್ಲಿ ಚಾಲನೆ ನೀಡಿದರು. ಹಳೆಯ ಟೋಪಿ ಬಿಸಿಲಿನಲ್ಲಿ ತಲೆಗೆ ಭಾರ, ಬಂದೋಬಸ್ತಿನ ನೂಕುನುಗ್ಗಲಿನಲ್ಲಿ ಬೀಳುತ್ತದೆ ಎಂಬ ದೂರು ಸಿಬ್ಬಂದಿಯಲ್ಲಿ ಬಹುಕಾಲದಿಂದ ಇತ್ತು. ಕನ್ನಡ ಚಲನಚಿತ್ರಗಳಲ್ಲಿಯೂ ವ್ಯಂಗ್ಯಚಿತ್ರಗಳಲ್ಲಿಯೂ ಪೊಲೀಸನನ್ನು ಗುರುತಿಸುತ್ತಿದ್ದುದು ಆ ಟೋಪಿಯಿಂದಲೇ. ಲಕ್ಷಾಂತರ ತಲೆಗಳ ಮೇಲಿದ್ದ ವಸ್ತುವೊಂದು ಕಣ್ಣೆದುರೇ ಹಳೆಯದಾಗಿದೆ. ಅದರ ಅಳತೆ, ಹೊಲಿಗೆ ಮತ್ತು ಲಾಂಛನದ ವಿವರಗಳನ್ನು ಧರಿಸಿದವರ ನೆನಪುಗಳೊಂದಿಗೆ ದಾಖಲಿಸಲು ಇದು ತಕ್ಕ ಸಮಯವಾಗಿದೆ.